ದೆಹಲಿ ಮೆಟ್ರೋದಲ್ಲಿ ಆರು ವಾರ: ಮಂಡ್ಯದ ಅಮ್ಮಂದಿರಿಗೆ

ಮಗಳು ದೆಹಲಿಯ ಓಲ್ಡ್ ರಾಜೇಂದ್ರ ನಗರದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದಾಳೆ. ಈ ಸಲ ಜನವರಿ ಕೊನೆಯಲ್ಲಿ ಜ್ವರ ಹಿಡಿದು ಬಿಡಲೇ ಇಲ್ಲ. ಊಟ ಸರಿಯಾಗಿ ಸೇರುತ್ತಿಲ್ಲ ಅಂತ ಗೊತ್ತಾದ ಮೇಲೆ ನಾನೇ ಹೊರಟೆ, ವಾಪಸ್ ಬಂದದ್ದು ಮಾರ್ಚ್ ಮಧ್ಯದಲ್ಲಿ. ನನಗೆ ಹಿಂದಿ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಬೋರ್ಡ್ ಓದುತ್ತೇನೆ, ಅಷ್ಟೇ. ಅಂಥ ನಾನು ದೆಹಲಿಯಲ್ಲಿ ಒಬ್ಬಳೇ ಓಡಾಡಿದೆ ಅಂದರೆ ಅದಕ್ಕೆ ಅಲ್ಲಿನ ಮೆಟ್ರೋನೇ ಕಾರಣ. ನಮ್ಮ ಕಡೆಯಿಂದ ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಕಳೆದು ನವದೆಹಲಿ ಸ್ಟೇಷನ್‌ನಲ್ಲಿ ಇಳಿದೆ. ಹೊರಗೆ ಬಂದ ತಕ್ಷಣ ಆಟೋದವನೊಬ್ಬ ಕರೋಲ್ ಬಾಗ್‌ಗೆ 500 ರೂಪಾಯಿ ಕೇಳಿದ. ಮಗಳು ಮೊದಲೇ ಹೇಳಿದ್ದಳು, "ಅಮ್ಮಾ, ಆಟೋ ಬೇಡ, ಅಜ್ಮೇರಿ ಗೇಟ್ ಕಡೆಗೆ ಬಂದು ಮೆಟ್ರೋಗೆ ಇಳಿ" ಅಂತ. ಅವಳು ಹೇಳಿದ್ದನ್ನು ರೈಲಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. "ಹಳದಿ, ಒಂದೇ ಸ್ಟೇಷನ್. ರಾಜೀವ್ ಚೌಕ್, ಇಳಿ. ನೀಲಿ, ದ್ವಾರಕಾ ಕಡೆಯದು. ಮೂರನೆಯದು ಕರೋಲ್ ಬಾಗ್." ಇಷ್ಟೇ.

ರಾಜೀವ್ ಚೌಕ್ ಅಂದರೆ ಕನಾಟ್ ಪ್ಲೇಸ್ ಕೆಳಗಿರುವ ಸ್ಟೇಷನ್. ಹಳದಿ ಮತ್ತು ನೀಲಿ ಲೈನ್ ಸೇರುವ ಜಾಗ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜನ ಇರುತ್ತಾರಲ್ಲ, ಅಷ್ಟು ಜನ, ಆದರೆ ಒಬ್ಬರೂ ನಿಂತಿರಲ್ಲ, ಎಲ್ಲರೂ ಓಡುತ್ತಿರುತ್ತಾರೆ. ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ಯಾರನ್ನು ಕೇಳಬೇಕು ಗೊತ್ತಿಲ್ಲ. ಆಗ ಕಂಡದ್ದು ನೆಲ. ನೆಲದ ಮೇಲೆ ನೀಲಿ ಬಣ್ಣದಲ್ಲಿ ಹೆಜ್ಜೆ ಗುರುತು ಹಾಕಿದ್ದಾರೆ. ಗೋಕುಲಾಷ್ಟಮಿಗೆ ಹೊಸ್ತಿಲಿನಿಂದ ದೇವರ ಮನೆವರೆಗೆ ಕೃಷ್ಣನ ಹೆಜ್ಜೆ ಬಿಡಿಸ್ತೀವಲ್ಲ, ಥೇಟ್ ಹಾಗೇ. ತಲೆ ಎತ್ತದೆ ಆ ಹೆಜ್ಜೆ ಹಿಡಿದುಕೊಂಡೇ ನಡೆದೆ, ನೀಲಿ ಲೈನ್ ಪ್ಲಾಟ್‌ಫಾರಂಗೆ ಬಂದು ಮುಟ್ಟಿದೆ. ಇದನ್ನು ಯೋಚನೆ ಮಾಡಿ ಮಾಡಿಸಿದವರು ಯಾರೋ, ಅವರಿಗೆ ಒಳ್ಳೆಯದಾಗಲಿ.

ರೈಲು ಹೋಗುವ ದಿಕ್ಕಿನ ಮೊದಲನೇ ಬೋಗಿ ಪೂರ್ತಿ ಹೆಂಗಸರಿಗೆ. 2010ರಿಂದಲೂ ಇದೆ. ಬೋಗಿ ಎಲ್ಲಿ ನಿಲ್ಲುತ್ತೆ ಅನ್ನುವುದಕ್ಕೆ ಪ್ಲಾಟ್‌ಫಾರಂನಲ್ಲಿ ಗುಲಾಬಿ ಬಣ್ಣದ ಗುರುತಿರುತ್ತೆ, ಅಲ್ಲೇ ನಿಲ್ಲಿ. ಒಳಗೆ ಹೋಗುವಾಗ ಬ್ಯಾಗನ್ನು ಎಕ್ಸ್‌ರೇ ಮಿಷಿನ್‌ಗೆ ಹಾಕಬೇಕು, ತಪಾಸಣೆಗೆ ಹೆಂಗಸರಿಗೆ ಬೇರೆ ಸಾಲು, ಮಹಿಳಾ ಸಿಬ್ಬಂದಿ. ಆರು ವಾರದಲ್ಲಿ ರಾತ್ರಿ ಒಂಬತ್ತಕ್ಕೂ ಒಬ್ಬಳೇ ಬಂದಿದ್ದೇನೆ, ಒಂದು ದಿನವೂ ಭಯ ಅನ್ನಿಸಲಿಲ್ಲ.

ಹಿಂದಿ ಕಲಿತದ್ದೂ ಅಲ್ಲೇ. ಪ್ರತಿ ಸ್ಟೇಷನ್‌ಗೂ ಗಂಡಸಿನ ದನಿಯಲ್ಲಿ ಹಿಂದಿ, ಹೆಂಗಸಿನ ದನಿಯಲ್ಲಿ ಇಂಗ್ಲಿಷ್. "ಅಗ್ಲಾ ಸ್ಟೇಷನ್" ಅಂದರೆ ಮುಂದಿನದು. "ದರ್ವಾಜೇ ಬಾಯೀ ಓರ್ ಖುಲೇಂಗೇ" ಅಂದರೆ ಬಾಗಿಲು ಎಡಕ್ಕೆ ತೆಗೆಯುತ್ತೆ, "ದಾಯೀ ಓರ್" ಅಂದರೆ ಬಲಕ್ಕೆ. ಅವರು ಹೇಳೋದು, ಬಾಗಿಲು ತೆಗೆಯೋದು, ನಾನು ನೋಡೋದು. ದಿನಕ್ಕೆ ಹತ್ತು ಹದಿನೈದು ಸಲ ಪಾಠ. ಎರಡನೇ ವಾರಕ್ಕೆ ಸೈಕಲ್ ರಿಕ್ಷಾದವನಿಗೆ ನಾನೇ ದಾರಿ ಹೇಳಿ ಮನೆ ಮುಂದೆ ಇಳಿದಾಗ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವತ್ತು ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ.

ಈ ಮೆಟ್ರೋ ಶುರುವಾದದ್ದು 2002ರ ಡಿಸೆಂಬರ್‌ನಲ್ಲಿ, ಶಾಹದರಾದಿಂದ ತೀಸ್ ಹಜಾರಿವರೆಗೆ. ಕೊಂಕಣ ರೈಲು ಮಾಡಿದ ಇ. ಶ್ರೀಧರನ್ ಅವರೇ ಇದನ್ನೂ ಮುಂದೆ ನಿಂತು ಕಟ್ಟಿಸಿದವರು. ಈಗ ಒಂದು ಕಡೆ ಗುರುಗ್ರಾಮ, ಇನ್ನೊಂದು ಕಡೆ ನೋಯ್ಡಾ, ಬಲ್ಲಭಗಢದವರೆಗೂ ಹೋಗುತ್ತೆ. ಮ್ಯಾಪ್ ನೋಡಿದರೆ ಗಾಬರಿಯಾಗುತ್ತೆ, ಹೆಸರು ನೆನಪಿಟ್ಟುಕೊಳ್ಳಲು ಹೋಗಬೇಡಿ. ಬಣ್ಣ ಯಾವುದು, ಕೊನೇ ಸ್ಟೇಷನ್ ಯಾವುದು, ಎಷ್ಟನೇ ಸ್ಟೇಷನ್‌ನಲ್ಲಿ ಇಳಿಯಬೇಕು. ಈ ಮೂರು ಬರೆದುಕೊಂಡರೆ ಸಾಕು.

ಕೊನೇ ಸ್ಟೇಷನ್ ಯಾಕೆ ಅಂದರೆ, ನೀಲಿ ಲೈನ್ ಯಮುನಾ ಬ್ಯಾಂಕ್ ಆದ ಮೇಲೆ ಕವಲೊಡೆಯುತ್ತೆ. ಒಂದು ನೋಯ್ಡಾ ಕಡೆ, ಇನ್ನೊಂದು ವೈಶಾಲಿ ಕಡೆ. ನಾನು ಅಕ್ಷರಧಾಮ ನೋಡಲು ಹೋಗುವಾಗ ವೈಶಾಲಿ ಗಾಡಿ ಹತ್ತಿಬಿಟ್ಟಿದ್ದೆ. ಅಕ್ಷರಧಾಮ ಇರುವುದು ನೋಯ್ಡಾ ಕಡೆ. ಲಕ್ಷ್ಮೀ ನಗರ ಅಂತ ಬಂದಾಗ ಎದೆ ಧಸಕ್ ಅಂತು. ಪಕ್ಕದಲ್ಲಿದ್ದ ಹುಡುಗಿಗೆ ನನ್ನ ಹಾಳೆ ತೋರಿಸಿದೆ, ಅವಳು ತನ್ನ ದಾರಿ ಬಿಟ್ಟು ನನ್ನ ಜೊತೆ ಇಳಿದು, ಎದುರಿನ ಪ್ಲಾಟ್‌ಫಾರಂಗೆ ಕರೆದುಕೊಂಡು ಹೋಗಿ ಹತ್ತಿಸಿ ಕೈ ಬೀಸಿದಳು. ಹೊರಗೆ ಹೋಗದೆ ಒಂದು ಸ್ಟೇಷನ್ ಹಿಂದೆ ಬಂದು ಗಾಡಿ ಬದಲಾಯಿಸಿದೆ, ಮತ್ತೆ ಟಿಕೆಟ್ ತಗೊಳ್ಳುವ ಹಾಗಿರಲಿಲ್ಲ. ದೆಹಲಿಯವರು ಒರಟು ಅಂತ ಕೇಳಿಕೊಂಡೇ ಹೋಗಿದ್ದೆ, ಆ ಮಾತನ್ನು ಇನ್ನು ನಾನು ಹೇಳಲ್ಲ.

ಒಂದು ಭಾನುವಾರ ದೆಹಲಿ ಕರ್ನಾಟಕ ಸಂಘಕ್ಕೆ ಹೋಗೋಣ ಅಂತ ಹೊರಟೆವು. ಸಂಘ ಇರುವುದು ಆರ್.ಕೆ. ಪುರಂನಲ್ಲಿ. ಕರೋಲ್ ಬಾಗ್‌ನಿಂದ ನೀಲಿಯಲ್ಲಿ ಏಳನೆಯದು ರಾಜೌರಿ ಗಾರ್ಡನ್, ಅಲ್ಲಿ ಗುಲಾಬಿ ಲೈನ್‌ಗೆ ಬದಲಾಯಿಸಿ ಐದನೆಯದು. ಇಳಿದು ಬೋರ್ಡ್ ಓದುತ್ತೇನೆ, ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್! ಮಗಳಿಗೆ ಗೊತ್ತಿತ್ತಂತೆ, ಬೇಕಂತಲೇ ಹೇಳಿರಲಿಲ್ಲ. ನಮ್ಮ ಗದ್ದೆಗೆ ಬರುವುದು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ನೀರು. ನಮ್ಮ ಮಾವನವರ ಕಾಲದಿಂದ ಮನೆಯ ನಡುಗೋಡೆಯಲ್ಲಿ ಪೇಟ ತೊಟ್ಟ ಅವರ ಫೋಟೋ ಇದೆ. ಕನ್ನಂಬಾಡಿ ಕಟ್ಟೆಯಿಂದ ಇಷ್ಟು ದೂರದಲ್ಲಿ, ಯಾರಿಗೂ ನಮ್ಮೂರ ಹೆಸರೇ ಗೊತ್ತಿಲ್ಲದ ಕಡೆ, ಅವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಕಣ್ಣು ತುಂಬಿ ಬಂತು. ಫೋಟೋ ತೆಗೆಸಿಕೊಂಡು ಮನೆಯವರಿಗೆ ಕಳಿಸಿದೆ. ಅವರು ಊರಲ್ಲೆಲ್ಲ ತೋರಿಸಿದ್ದಾರೆ.

ದುಡ್ಡಿನ ವಿಷಯ. 2025ರ ಆಗಸ್ಟ್‌ನಲ್ಲಿ ದರ ಏರಿಸಿದ ಮೇಲೆ ಕಡಿಮೆ ಅಂದರೆ 11 ರೂಪಾಯಿ, ಜಾಸ್ತಿ ಅಂದರೆ 64. ಏರ್‌ಪೋರ್ಟ್ ಲೈನ್ ದರ ಬೇರೆ. ನಾಲ್ಕು ದಿನಕ್ಕಿಂತ ಜಾಸ್ತಿ ಇರುವವರು ಸ್ಮಾರ್ಟ್ ಕಾರ್ಡ್ ಮಾಡಿಸಿ. ಪ್ರತಿ ಸಲ ಶೇಕಡಾ 10 ಕಡಿಮೆ ಆಗುತ್ತೆ, ಮಧ್ಯಾಹ್ನ 12ರಿಂದ 5ರ ಒಳಗೆ ಹೋದರೆ ಇನ್ನೂ 10. ಜನವೂ ಆಗಲೇ ಕಮ್ಮಿ. ಭಾನುವಾರ ದರವೇ ಇಳಿದಿರುತ್ತೆ.

ಮಂಡಿ ನೋವಿರುವವರಿಗೆ ಒಂದು ಮಾತು. ಲೈನ್ ಬದಲಾಯಿಸುವ ಕಡೆ ನಡಿಗೆ ಬಹಳ. ಲಿಫ್ಟ್ ಇರುತ್ತೆ, ಬೋರ್ಡ್ ನೋಡಿಕೊಂಡು ಅದನ್ನೇ ಹುಡುಕಿ. ಹೊರಗೆ ಬರುವ ಮುಂಚೆ ಗೇಟ್ ನಂಬರ್ ಕೇಳಿಕೊಳ್ಳಿ, ಇಲ್ಲದಿದ್ದರೆ ದೊಡ್ಡ ರಸ್ತೆಯ ಆಚೆ ಬದಿಗೆ ಬಂದು ನಿಂತಿರುತ್ತೀರಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹೋಗಿದ್ದು ಈ ನಡಿಗೆಗೆ.

ಮಗಳು ಹುಷಾರಾಗಿದ್ದಾಳೆ, ಓದು ನಡೆದಿದೆ. ನಮ್ಮ ಬೀದಿಯ ಇನ್ನೊಬ್ಬ ಹುಡುಗ ಮುಂದಿನ ತಿಂಗಳು ಅಲ್ಲಿಗೇ ಹೋಗುತ್ತಿದ್ದಾನೆ, ಬಿಟ್ಟು ಬರಲು ಅವರಮ್ಮ ಜೊತೆಗೆ ಹೊರಟಿದ್ದಾರೆ. ನನ್ನ ಕಾರ್ಡಿನಲ್ಲಿ ಇನ್ನೂ 140 ರೂಪಾಯಿ ಇದೆ, ಅದನ್ನು ಅವರಿಗೇ ಕೊಟ್ಟೆ. ಆ ಹಾಳೆಯನ್ನೂ.