ಹಾರ್ಟ್ ಅಟ್ಯಾಕ್ ಆದವರಿಗೆ ‘ಸ್ಮಾರ್ಟ್’ ತೂಕದ ಮಷೀನು: ಕೊಳ್ಳುವ ಮುಂಚೆ

ಸ್ಟೆಂಟ್ ಹಾಕಿಸಿಕೊಂಡು ಅಪ್ಪನೋ ಅಮ್ಮನೋ ಮನೆಗೆ ಬಂದರೆ ಮಕ್ಕಳು ಮೊದಲು ಬಿಪಿ ಮಷೀನು ತರುತ್ತಾರೆ, ಆಮೇಲೆ ತೂಕದ ಮಷೀನು. ಈಗ ಎದ್ದು ಕಾಣುವುದು ‘ಸ್ಮಾರ್ಟ್’ ಮಾದರಿಗಳೇ: ಗಾಜಿನ ಹಲಗೆ, ನಾಲ್ಕು ಲೋಹದ ಪಟ್ಟಿ, ಫೋನಿಗೆ ಬ್ಲೂಟೂತ್, ಕೊಬ್ಬು, ನೀರು, ಸ್ನಾಯು, ಮೂಳೆ ಅಂತ ಹತ್ತಾರು ಅಂಕಿ. ಹೃದಯದ ರೋಗಿಗೆ ಇದರಲ್ಲಿ ಕೆಲಸಕ್ಕೆ ಬರುವುದು ಒಂದೇ, ತೂಕ. ಉಳಿದ ಅಂಕಿಗಳಿಗೆ ಕೊಡುವ ಹೆಚ್ಚಿನ ದುಡ್ಡು ದಂಡ.

ಯಾಕೆಂದರೆ ಪಟ್ಟಿಗಳ ಮೇಲೆ ಬರಿಗಾಲಲ್ಲಿ ನಿಂತಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಯುತ್ತದೆ. ಅದಕ್ಕೆ ಮೈ ಎಷ್ಟು ತಡೆ ಒಡ್ಡಿತು ಅನ್ನುವುದಷ್ಟೇ ಅಳತೆ. ಆ ದಾರಿ ಬಹುಪಾಲು ಕಾಲುಗಳದ್ದು. ಅಪಾಯದ ಕೊಬ್ಬು ಕೂತಿರುವ ಹೊಟ್ಟೆಯ ಮೇಲ್ಭಾಗಕ್ಕೆ ಅದು ಹೋಗುವುದೇ ಇಲ್ಲ ಅನ್ನಬಹುದು. ಮಿಕ್ಕಿದ್ದೆಲ್ಲ ನೀವು ತುಂಬಿದ ವಯಸ್ಸು, ಎತ್ತರ ಹಿಡಿದು ಆ್ಯಪ್ ಹಾಕಿದ ಲೆಕ್ಕ. ಅನುಮಾನವಿದ್ದರೆ ಪ್ರೊಫೈಲಿನಲ್ಲಿ 58 ವರ್ಷವನ್ನು 38 ಮಾಡಿ ಮತ್ತೆ ನಿಂತು ನೋಡಿ. ಮೈ ಅದೇ, ತೂಕ ಅದೇ; ಹೆಚ್ಚಿನ ಮಾದರಿಗಳಲ್ಲಿ ಕೊಬ್ಬಿನ ಶೇಕಡಾ ಮಾತ್ರ ಬೇರೆ.

ಇದು ಬರೀ ತಮಾಷೆಯಲ್ಲ. ಮೈಯಲ್ಲಿ ನೀರು ಹೆಚ್ಚಿದ್ದರೆ ಕರೆಂಟ್ ಸಲೀಸಾಗಿ ಹರಿಯುತ್ತದೆ. ಹೃದಯದ ಪಂಪಿಂಗ್ ಕಡಿಮೆಯಾಗಿ ಕಾಲಿಗೆ ನೀರು ಇಳಿದಾಗ ಮಷೀನಿನ ಲೆಕ್ಕದಲ್ಲಿ ಕೊಬ್ಬು ಇಳಿದಿರುತ್ತದೆ, ಸ್ನಾಯು ಏರಿರುತ್ತದೆ! ಪಾದ ಊದಿಕೊಂಡ ರೋಗಿಗೆ ಆ್ಯಪ್ ಹಸಿರು ಬಣ್ಣದಲ್ಲಿ ಶಹಬ್ಬಾಸ್ ಹೇಳುವ ಪರಿಸ್ಥಿತಿ ಇದು. ಪೇಸ್‌ಮೇಕರ್ ಅಥವಾ ಐಸಿಡಿ (ಬಡಿತ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಟ್ಟು ಸರಿಮಾಡಲು ಎದೆಯೊಳಗೆ ಇಡುವ ಸಾಧನ) ಇದ್ದವರಂತೂ ಕರೆಂಟ್ ಹಾಯಿಸುವ ಮಷೀನು ಹತ್ತಲೇಬಾರದು. ಸ್ಟೆಂಟ್ ಮಾತ್ರ ಇದ್ದರೆ ಅಡ್ಡಿಯಿಲ್ಲ.

ಅಂದಮೇಲೆ ಸಾದಾ ಡಿಜಿಟಲ್ ಮಷೀನೇ ಸಾಕು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಒಮ್ಮೆ ನಿಂತು ತೂಕ ನೋಡಿ, ಇಳಿದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮತ್ತೆ ನಿಲ್ಲಿ. ಅರ್ಧ ಕೆ.ಜಿ. ಏರಬೇಕು. ಕೆಲವು ಮಷೀನುಗಳು ವ್ಯತ್ಯಾಸ ಚಿಕ್ಕದಿದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ತೋರಿಸಿ ‘ನಿಖರ’ ಅನ್ನಿಸಿಕೊಳ್ಳುತ್ತವೆ, ಅಂಥದ್ದು ಬೇಡ. ಹಲಗೆ ಅಗಲವಾಗಿ, ಒರಟಾಗಿರಲಿ. ಬಿಪಿ ಮಾತ್ರೆಗೆ ಎದ್ದು ನಿಂತಾಗ ತಲೆ ಸುತ್ತುವುದುಂಟು, ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆಯೂ ಇರುತ್ತದೆ, ಬಿದ್ದು ಗಾಯವಾದರೆ ರಕ್ತ ಬೇಗ ನಿಲ್ಲದು. ಒದ್ದೆ ಬಚ್ಚಲುಮನೆಯಲ್ಲಿ ಗಾಜಿನ ಮೇಲೆ ಹತ್ತುವುದು ಬೇಡವೇ ಬೇಡ. ಗೋಡೆ ಪಕ್ಕ, ಗಟ್ಟಿ ನೆಲದ ಮೇಲೆ ಇಡಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ತೂಕ ತಪ್ಪುತ್ತದೆ. ಜಾಗ ಬದಲಿಸಿದರೆ ಒಮ್ಮೆ ಒತ್ತಿ ಬಿಟ್ಟು, ಸೊನ್ನೆ ಬಂದಮೇಲೆ ನಿಲ್ಲಿ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ಅದೇ ಥರದ ಬಟ್ಟೆಯಲ್ಲಿ ತೂಗಿ ಬರೆದಿಡಿ. 3 ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಹೋಳಿಗೆಯ ಪ್ರಭಾವವಲ್ಲ, ನೀರು. ಪಂಪಿಂಗ್ ಕಡಿಮೆ ಇರುವವರು, ಮೂತ್ರ ಹೋಗುವ ಮಾತ್ರೆ ನುಂಗುವವರು ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ತಿಂಗಳಾನುಗಟ್ಟಲೆ ನಿಧಾನ ಏರುವುದು ಕೊಬ್ಬು. ಸಿಗರೇಟು ಬಿಟ್ಟವರು ಮೊದಲ ವರ್ಷ ಸರಾಸರಿ 4-5 ಕೆ.ಜಿ. ಏರುತ್ತಾರೆ. ಆ ಅಂಕಿ ನೋಡಿ ಮತ್ತೆ ಸೇದಲು ಶುರು ಮಾಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ವಯಸ್ಸಾದ ತೆಳ್ಳಗಿನವರಲ್ಲಿ ಲೆಕ್ಕವೇ ಉಲ್ಟಾ: ಪ್ರಯತ್ನಿಸದೆ ತೂಕ ಇಳಿದರೆ ಸ್ನಾಯು ಕರಗುತ್ತಿರಬಹುದು, ಖುಷಿಪಡಬೇಡಿ, ತೋರಿಸಿ.

ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಅನ್ನುವ ಅಂಕಿ) ವಿಷಯದಲ್ಲೂ ಆ್ಯಪ್ ನಂಬುವಂತಿಲ್ಲ. 170 ಸೆಂ.ಮೀ. ಎತ್ತರ, 70 ಕೆ.ಜಿ. ಅಂದರೆ 24.2. ಅನೇಕ ಆ್ಯಪ್‌ಗಳು ಇದನ್ನು ‘ನಾರ್ಮಲ್’ ಅನ್ನುತ್ತವೆ. ಭಾರತೀಯರಿಗೆ 23ಕ್ಕೇ ಹೆಚ್ಚು ತೂಕ, 25ಕ್ಕೆ ಬೊಜ್ಜು.

ಉಳಿದ ದುಡ್ಡಲ್ಲಿ ದರ್ಜಿಯ ಟೇಪು ತನ್ನಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುನ್ನಡೆಸಿದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್‌ನ ಅಪಾಯವನ್ನು ಬಿಎಂಐಗಿಂತ ಚೆನ್ನಾಗಿ ತೋರಿಸಿದ್ದು ಹೊಟ್ಟೆ ಮತ್ತು ನಿತಂಬದ ಸುತ್ತಳತೆಯ ಅನುಪಾತ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯಕ್ಕೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಿಮಗೇ. ಹೊಟ್ಟೆಯ ಸುತ್ತಳತೆಯೊಂದಕ್ಕೇ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಬಟ್ಟೆಯ ಟೇಪು ಹಳತಾದರೆ ಎಳೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.