ಫ್ಯೂಚುರಾ: ಮಾತು ಕಡಿಮೆಯಾದಷ್ಟೂ ಕಳೆ

ಫ್ರಾಂಕ್‌ಫರ್ಟ್‌ನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದ ಫ್ಯೂಚುರಾ ಎಂಬ ಇಂಗ್ಲಿಷ್ ಫಾಂಟ್ ಅನ್ನು ಜನ ಇವತ್ತಿಗೂ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಸಿನಿಮಾ, ಟೀಶರ್ಟ್, ಕಾರಿನ ಜಾಹೀರಾತು, ಚಂದ್ರನ ನೆಲ, ಎಲ್ಲೆಲ್ಲೂ ಇದೇ ಅಕ್ಷರ. ಈ ಪ್ರಸಿದ್ಧ ಬಳಕೆಗಳನ್ನು ಹತ್ತಿರದಿಂದ ನೋಡಿದರೆ ಇದು ಯಾವ ಕೆಲಸಕ್ಕೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ.

ಚಂದ್ರನಿಂದಲೇ ಶುರು ಮಾಡೋಣ. 1969ರಲ್ಲಿ ಅಪೊಲೊ 11 ಅಲ್ಲಿ ಬಿಟ್ಟುಬಂದ ಸ್ಟೀಲ್ ಫಲಕದ ಅಗಲ 9 ಇಂಚು. ಅದರ ಮೇಲಿನ ಸಂದೇಶ ನಾಲ್ಕೇ ಸಾಲು, ಎಲ್ಲವೂ ಕ್ಯಾಪಿಟಲ್. ‘ಮೂನ್’ ಪದದ ಎರಡು ‘ಓ’ಗಳು ಪಕ್ಕಪಕ್ಕದಲ್ಲಿಟ್ಟ ಬಳೆಗಳಂತಿವೆ, ‘ಇ’, ‘ಎಫ್’, ‘ಎಸ್’ ಅವುಗಳ ಮುಂದೆ ತೀರಾ ಕಿರಿದು. ಈ ಅಗಲ-ಕಿರಿದಿನ ಲೆಕ್ಕ ಪ್ರಾಚೀನ ರೋಮನ್ ಶಿಲಾಶಾಸನಗಳದ್ದು. ಹೆಸರಲ್ಲಿ ಭವಿಷ್ಯ ಇದ್ದರೂ ಮೈಕಟ್ಟು ಹಳೆಯದು. ಲೋಹದ ಮೇಲೆ ಅಷ್ಟು ಗಂಭೀರವಾಗಿ ಕೂರುವುದು ಅದಕ್ಕೇ.

ಕೈವಾರ, ಸ್ಕೇಲು ಹಿಡಿದು ಬರೆದ ಅಕ್ಷರ ಎನ್ನುವವರಿದ್ದಾರೆ. ಅದು ನೋಟಕ್ಕೆ ಮಾತ್ರ. ಇದನ್ನು ರೂಪಿಸಿದ ಪೌಲ್ ರೆನ್ನರ್ ಅವರ ನಿಜವಾದ ಕಸುಬುಗಾರಿಕೆ ಇರುವುದು ಜ್ಯಾಮಿತಿಯನ್ನು ಅಲ್ಲಲ್ಲಿ ಮುರಿದದ್ದರಲ್ಲಿ. ಸಣ್ಣ ‘ಬಿ’, ‘ಡಿ’ಗಳಲ್ಲಿ ದುಂಡು ಭಾಗ ನೇರ ಗೀಟಿಗೆ ಸೇರುವ ಕಡೆ ಗೆರೆ ಸಣ್ಣಗಾಗುತ್ತದೆ, ಹಾಗಾಗದಿದ್ದರೆ ಅಲ್ಲೊಂದು ಕಪ್ಪು ಗಂಟು ಕಾಣುತ್ತಿತ್ತು. ದೊಡ್ಡ ‘ಎ’ಯ ಚೂಪು ತುದಿ ಉಳಿದ ಅಕ್ಷರಗಳ ತಲೆಗೆರೆ ದಾಟಿ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ಗಿಡ್ಡ ಕಾಣುತ್ತದೆ. ಚೌಕಟ್ಟಿನ ಅಂಚಿಗೆ ಒತ್ತಿ ಶೀರ್ಷಿಕೆ ಇಡುವವರು ಇದನ್ನು ಮರೆತರೆ ತುದಿ ಕತ್ತರಿಸಿಹೋಗುತ್ತದೆ.

1959ರ ಫೋಕ್ಸ್‌ವ್ಯಾಗನ್ ಜಾಹೀರಾತಿನಲ್ಲಿ ಪುಟದ ತುಂಬ ಖಾಲಿ ಜಾಗ, ಮೂಲೆಯಲ್ಲೊಂದು ಪುಟಾಣಿ ಕಾರು, ಎರಡೇ ಪದದ ಶೀರ್ಷಿಕೆ. ‘ದಿ ರಾಯಲ್ ಟೆನೆನ್‌ಬಾಮ್ಸ್’ ಸಿನಿಮಾದಲ್ಲಿ ನಿರ್ದೇಶಕ ವೆಸ್ ಆಂಡರ್ಸನ್ ಪರದೆಯ ಬರಹಕ್ಕೆ ಫ್ಯೂಚುರಾ ಬೋಲ್ಡ್ ಹಿಡಿದರು, ಇಡೀ ಚಿತ್ರಕ್ಕೆ ಒಂದೇ ದನಿ ಬಂತು. ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿ ಬೋಲ್ಡ್ ಓರೆ ಅಕ್ಷರ ಹಾಕಿದರು. ಟೀಶರ್ಟ್ ಮಾರುವ ಸುಪ್ರೀಂ ಕಂಪನಿಯ ಲೋಗೊ ಅದೇ ದಾರಿಯದು. ಈ ಕೆಂಪು-ಬಿಳಿ ವಿನ್ಯಾಸವನ್ನು ಅನುಕರಿಸುವವರು ಸಾಮಾನ್ಯವಾಗಿ ಎಡವುವುದು ಅಳತೆಯಲ್ಲಿ. ಅಕ್ಷರ ಚಿಕ್ಕದಾದರೆ ಸುತ್ತಲಿನ ಕೆಂಪು ಶಾಯಿ ಹರಡಿ ಬಿಳಿ ಗೆರೆಗಳನ್ನು ತಿನ್ನುತ್ತದೆ. ದೊಡ್ಡದಾಗಿ ಹಾಕಲು ಜಾಗವಿಲ್ಲದಿದ್ದರೆ ಈ ವಿನ್ಯಾಸದ ಆಸೆ ಬಿಡುವುದೇ ಒಳ್ಳೆಯದು.

ಇಷ್ಟರಲ್ಲಿ ಒಂದಾದರೂ ಉದ್ದನೆಯ ಓದಿನ ಪುಟ ಇಲ್ಲ ಎಂಬುದನ್ನು ಗಮನಿಸಿ. ಸಣ್ಣ ಅಕ್ಷರಗಳ ಒಡಲು ತೀರಾ ಕುಳ್ಳು, ‘ಬಿ’, ‘ಡಿ’ಗಳಲ್ಲಿ ಮೇಲೆ ಚಾಚುವ ಗೀಟುಗಳು ಮಾತ್ರ ಉದ್ದ. ಬೇರೆ ಫಾಂಟ್‌ನ 10 ಪಾಯಿಂಟ್‌ನಷ್ಟು ಕಾಣಬೇಕಾದರೆ ಇದನ್ನು 11 ಅಥವಾ 11.5ಕ್ಕೆ ಏರಿಸಬೇಕು, ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆಪಟ್ಟು ಇರಬೇಕು. ಆಗಲೂ ಸಣ್ಣ ‘ಎ’ ಮತ್ತು ‘ಓ’ ಒಂದರ ಹಾಗೆ ಇನ್ನೊಂದು ಕಂಡು ಕಣ್ಣು ದಣಿಯುತ್ತದೆ. ದೊಡ್ಡ ‘ಐ’, ಸಣ್ಣ ‘ಎಲ್’ ಎರಡೂ ಬರೀ ಕಡ್ಡಿ. ಪಾಸ್‌ವರ್ಡ್, ಸೀರಿಯಲ್ ನಂಬರ್ ಅಚ್ಚು ಮಾಡಲು ಖಂಡಿತ ಬೇಡ.

ಪೀಠೋಪಕರಣ ಕಂಪನಿ ಐಕಿಯಾ 2009ರಲ್ಲಿ ತನ್ನ ಫ್ಯೂಚುರಾ ಬಿಟ್ಟು ವರ್ಡಾನಾ ಎಂಬ ಫಾಂಟ್ ಹಿಡಿದಾಗ ಡಿಸೈನರ್‌ಗಳು ಗಲಾಟೆ ಎಬ್ಬಿಸಿದರು. ಅಚ್ಚಿನಲ್ಲೂ ವೆಬ್‌ನಲ್ಲೂ ಒಂದೇ ಮುಖ ಬೇಕೆಂಬುದು ಕಂಪನಿಯ ಕಾರಣ. ಆ ಕಾಲಕ್ಕೆ ಅದು ಸರಿಯೇ, ಕಣ್ಣಿಗೆ ಮಾತ್ರ ನಷ್ಟ.

ಕ್ಯಾಪಿಟಲ್‌ನಲ್ಲಿ ಬಳಸುವಾಗ ಅಕ್ಷರಗಳ ನಡುವಿನ ಜಾಗವನ್ನು ಅಕ್ಷರದ ಅಳತೆಯ 5ರಿಂದ 10 ಶೇಕಡಾದಷ್ಟು ಹೆಚ್ಚಿಸಿ. ‘ಎ-ವಿ’, ‘ಎಲ್-ಟಿ’ ಜೋಡಿಗಳನ್ನು ಕೈಯಿಂದಲೇ ಹತ್ತಿರ ತನ್ನಿ. ಫ್ಯೂಚುರಾದಲ್ಲಿ ಹಲವು ಆವೃತ್ತಿಗಳಿವೆ: ರಷ್ಯನ್ ಬರೆಯುವ ಸಿರಿಲಿಕ್ ಲಿಪಿ ಬೇಕಿದ್ದರೆ ಪ್ಯಾರಾಟೈಪ್‌ನ ಫ್ಯೂಚುರಾ ಪಿಟಿ, ತೂಕಗಳ (ಅಂದರೆ ಗೆರೆಯ ದಪ್ಪದ) ಆಯ್ಕೆ ಬೇಕಿದ್ದರೆ ಮೊನೊಟೈಪ್ 2020ರಲ್ಲಿ ತಂದ ಫ್ಯೂಚುರಾ ನೌ. ಮ್ಯಾಕ್ ಇದ್ದವರಿಗೆ ಕೆಲವು ತೂಕಗಳು ಅದರಲ್ಲೇ ಸಿಗುತ್ತವೆ. ಬರೀ ವೆಬ್‌ಸೈಟಿನ ಶೀರ್ಷಿಕೆಗಾದರೆ ಇದೇ ಜಾಡಿನ ಉಚಿತ ಫಾಂಟ್ ಯೋಸ್ಟ್ ಸಾಕು. ಯಾವುದೇ ಇರಲಿ, ಕೊಳ್ಳುವ ಮುಂಚೆ ನಿಮ್ಮದೇ ಶೀರ್ಷಿಕೆಯನ್ನು ಬೋಲ್ಡ್ ಕ್ಯಾಪಿಟಲ್‌ನಲ್ಲಿ ಟೈಪ್ ಮಾಡಿ ನೋಡಿ. ‘ಓ’, ‘ಸಿ’, ‘ಜಿ’ ಅದರಲ್ಲಿ ಇಲ್ಲವೇ ಇಲ್ಲ ಎಂದಾದರೆ ಫ್ಯೂಚುರಾದ ಅರ್ಧ ಅಂದ ನಿಮಗೆ ದಕ್ಕುವುದಿಲ್ಲ.