ಕುಸಿದ ಕಮಾನು ಪಟ್ಟಿಗೆ ನನ್ನ ಆಯ್ಕೆ ಹೊಸ ಕಟ್ಟು

ಹಳೆಯ ಪಿಕಪ್ ಟ್ರಕ್ಕಿನ ಹಿಂಭಾಗ ಕುಸಿದಿದ್ದರೆ ಭಾರ ಹೊರುವ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಇಡೀ ಕಟ್ಟನ್ನೇ ಬದಲಿಸಿ ಎನ್ನುವವನು ನಾನು. ಉದ್ದನೆಯ ಶ್ಯಾಕಲ್ (ಪಟ್ಟಿಯ ಒಂದು ತುದಿಯನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಕೊಂಡಿ), ಹಳೆಯ ಕಟ್ಟಿಗೆ ಸೇರಿಸುವ ಹೆಚ್ಚುವರಿ ಪಟ್ಟಿ, ಹೊಸ ಕಟ್ಟು ಮೂರನ್ನೂ ನನ್ನ ಗಾಡಿಗೇ ಹಾಕಿ ಓಡಿಸಿದ್ದೇನೆ.

ಶ್ಯಾಕಲ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ 2 ಇಂಚು ಉದ್ದ ಹೆಚ್ಚಿಸಿದರೆ ಗಾಡಿ ಏರುವುದು ಸುಮಾರು 1 ಇಂಚು. ಪಟ್ಟಿಯ ಕಸುವು ಹೆಚ್ಚುವುದಿಲ್ಲ. ಹೊರೆ ಹೇರಿದೊಡನೆ ಮತ್ತೆ ಕೂತುಬಿಡುತ್ತದೆ.

ಹೆಚ್ಚುವರಿ ಪಟ್ಟಿ ಇದಕ್ಕಿಂತ ವಾಸಿ, ಎತ್ತರ ನಿಜಕ್ಕೂ ಬರುತ್ತದೆ. ಆದರೆ ದಣಿದ ಪಟ್ಟಿಗಳ ಪಾಲಿನ ಭಾರವನ್ನೂ ಆ ಒಂದು ಬಿರುಸು ಪಟ್ಟಿಯೇ ಹೊರಬೇಕು. ಖಾಲಿ ಗಾಡಿ ಪ್ರತಿ ಉಬ್ಬಿಗೂ ಎಗರುತ್ತದೆ. ಹಿಂಬದಿಯ ಎತ್ತರ ನೋಡಿ ಬ್ರೇಕಿನ ಒತ್ತಡ ಹಂಚುವ ವಾಲ್ವ್ ಇರುವ ಗಾಡಿಯಾದರೆ ಇನ್ನೊಂದು ತೊಡಕಿದೆ: ಹೊರೆ ಹೇರಿದರೂ ಗಾಡಿ ಸಾಕಷ್ಟು ತಗ್ಗದ ಕಾರಣ ಹಿಂದಿನ ಚಕ್ರಗಳಿಗೆ ಬೇಕಾದಷ್ಟು ಬ್ರೇಕ್ ಸಿಗುವುದಿಲ್ಲ. ಮೂಲ ಅಳತೆಯ ಹೊಸ ಕಟ್ಟಿನಲ್ಲಿ ಈ ಚಿಂತೆಯಿಲ್ಲ.

ಹೊಸ ಕಟ್ಟು ಹಾಕುವಾಗ ನನ್ನನ್ನು ಸತಾಯಿಸಿದ್ದು ಹಳೆಯ ಕಟ್ಟಿನ ಮುಂದಿನ ಕಣ್ಣಿನ, ಅಂದರೆ ಪಟ್ಟಿಯ ತುದಿಯ ಸುರುಳಿಯ ಬೋಲ್ಟ್. ನಟ್ ಸಲೀಸಾಗಿ ಬಿಚ್ಚಿತು, ಬೋಲ್ಟ್ ಮಾತ್ರ ಕದಲಲಿಲ್ಲ. ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆಗೂ ಬೋಲ್ಟಿಗೂ ತುಕ್ಕು ಹಿಡಿದು ಎರಡೂ ಒಂದಾಗಿದ್ದವು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ. ಸುತ್ತಿಗೆಯಿಂದ ಬಡಿದರೆ ಸುತ್ತಲಿನ ರಬ್ಬರ್ ಪೆಟ್ಟನ್ನೆಲ್ಲ ನುಂಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಆ ಕೊಳವೆಯೊಳಗೆ ಇಳಿಯುವುದೇ ಇಲ್ಲ.

ಬೆಂಕಿಯಿಂದ ಕಾಯಿಸಿ ಬಿಡಿಸೋಣವೆಂದರೆ ಪಕ್ಕದಲ್ಲೇ ಇಂಧನದ ಟ್ಯಾಂಕ್. ಕೊನೆಗೆ ಪಟ್ಟಿಯ ಕಣ್ಣಿಗೂ ಅದನ್ನು ಹಿಡಿದಿಡುವ ಬ್ರಾಕೆಟ್ಟಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ಗರಗಸದ ಅಲಗು ತೂರಿಸಿ ಎರಡೂ ಬದಿ ಕೊಯ್ದೆ. ಬೋಲ್ಟ್ ಗಟ್ಟಿ ಉಕ್ಕಿನದು, ಅಲಗಿನ ಹಲ್ಲುಗಳೇ ಸವೆದು ನುಣುಪಾದವು. ಆದ್ದರಿಂದ ಕಟ್ಟಿನ ಜೊತೆಗೇ ಹೊಸ ಬೋಲ್ಟ್, ಬುಷ್, ಸಾಕಷ್ಟು ಅಲಗು ತಂದಿಟ್ಟುಕೊಳ್ಳಿ. ಹೊಸ ಬೋಲ್ಟಿಗೆ ತುಕ್ಕು ತಡೆಯುವ ಲೇಪ ಬಳಿದೇ ತೂರಿಸಿ.

ಕಟ್ಟನ್ನು ಚಕ್ರದ ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳೂ ಹೊಸವೇ ಇರಲಿ. ಬಿಗಿದಾಗ ಹಿಗ್ಗಿದ ಹಳೆಯವು ಮತ್ತೆ ಅಷ್ಟೇ ಬಿಗಿ ಹಿಡಿಯುವ ಭರವಸೆಯಿಲ್ಲ. ಕಣ್ಣಿನ ಬೋಲ್ಟುಗಳನ್ನು ಚಕ್ರ ನೆಲಕ್ಕೆ ಇಳಿದು ಗಾಡಿಯ ಭಾರ ಕೂತ ಮೇಲೆಯೇ ಪೂರ್ತಿ ಬಿಗಿಯಬೇಕು. ಜ್ಯಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮೂರರಲ್ಲಿ ಹೊಸ ಕಟ್ಟೇ ದುಬಾರಿ. ಒಂದು ದಿನ ತುಂಬು ಹೊರೆ, ಮರುದಿನ ಖಾಲಿ ಓಡಿಸುವವನು ನಾನು. ಈ ಗಾಡಿಯನ್ನು ಮಾರುವ ಯೋಚನೆಯೂ ಇಲ್ಲ. ಬಿಚ್ಚಿ ಜೋಡಿಸುವ ಕೂಲಿಯನ್ನು ನಾನೇ ಉಳಿಸಿಕೊಂಡದ್ದರಿಂದ ಖರ್ಚು ಕೈಗೆ ಎಟುಕಿತು. ಸದಾ ಹೊರೆ ಹೊತ್ತೇ ಓಡುವ, ಬ್ರೇಕಿಗೆ ಆ ವಾಲ್ವ್ ಇಲ್ಲದ ಗಾಡಿಯಾದರೆ ಹೆಚ್ಚುವರಿ ಪಟ್ಟಿ ಸಾಕು.